ಮನೆಯ ಇಂಟರ್ನೆಟ್ ನಿಂತಾಗ ದೋಷ ಎಲ್ಲಿದೆ ಎಂದು ಪತ್ತೆ ಹಚ್ಚುವ ಬಗೆ

ನೆಟ್ ನಿಂತ ಕೂಡಲೇ ರೂಟರಿನ ಹಿಂಬದಿಯ ಸಣ್ಣ ರಂಧ್ರಕ್ಕೆ ಪಿನ್ನು ಚುಚ್ಚಬೇಡಿ. ಚಿಂತಾಮಣಿಯ ನಮ್ಮ ಬಡಾವಣೆಯಲ್ಲಿ ಯಾರ ಮನೆಯ ಸಂಪರ್ಕ ಕೆಟ್ಟರೂ ಮೊದಲು ನಡೆಯುವ ಚಿಕಿತ್ಸೆ ಅದೇ ಆಗಿದೆ. ರಂಧ್ರದೊಳಗಿನ ಗುಂಡಿಯನ್ನು ಹತ್ತು ಸೆಕೆಂಡು ಒತ್ತಿ ಹಿಡಿದರೆ ರೂಟರ್ ಕಾರ್ಖಾನೆಯಿಂದ ಬಂದಾಗ ಹೇಗಿತ್ತೋ ಹಾಗಾಗುತ್ತದೆ. ಸಂಪರ್ಕ ಕೊಡುವಾಗ ಅದರಲ್ಲಿ ತುಂಬಿಸಿದ್ದ, ಕಂಪನಿಯ ಜಾಲಕ್ಕೆ ಲಾಗಿನ್ ಆಗಲು ಬೇಕಾದ ಪಿಪಿಪಿಒಇ ಹೆಸರು, ಪಾಸ್‌ವರ್ಡ್, ವಿಎಲ್ಎಎನ್ ಎಂಬ ಜಾಲದ ಸಂಖ್ಯೆ ಎಲ್ಲವೂ ಅಳಿಸಿಹೋಗುತ್ತವೆ. ಮೊದಲಿದ್ದ ದೋಷ ಹಾಗೆಯೇ ಉಳಿದು ಅದರ ಮೇಲೆ ಹೊಸದೊಂದು ಬಂದು ಕೂರುತ್ತದೆ. ಕಂಬದ ಮೇಲಿನ ತೊಂದರೆ ಸರಿಹೋದ ಮೇಲೂ ಬೀದಿಗೆಲ್ಲ ಬಂದ ನೆಟ್ ನಿಮ್ಮ ಮನೆಗೆ ಮಾತ್ರ ಬರುವುದಿಲ್ಲ.

ಸ್ವಿಚ್ ಆರಿಸಿ ಮತ್ತೆ ಹಾಕುವುದು ಬೇರೆ ಮಾತು. ಅದರಿಂದ ಏನೂ ಅಳಿಯುವುದಿಲ್ಲ. ಆದರೆ ಅದಕ್ಕೂ ಮುಂಚೆ ಅರ್ಧ ನಿಮಿಷ ನಿಂತು ರೂಟರಿನ ದೀಪಗಳನ್ನು ನೋಡಿ, ಫೋನಿನಲ್ಲಿ ಅದರ ಚಿತ್ರ ತೆಗೆದಿಟ್ಟುಕೊಳ್ಳಿ. ಯಾವ ದೀಪ ಉರಿಯುತ್ತಿತ್ತು, ಯಾವುದು ಆರಿತ್ತು ಎಂಬುದೇ ಆ ಹೊತ್ತಿನ ಸಾಕ್ಷ್ಯ. ಆರಿಸಿ ಹಾಕಿದ ಮೇಲೆ ಸಂಪರ್ಕ ಬಂದುಬಿಟ್ಟರೆ ಆ ದಿನದ ಕೆಲಸ ನಡೆಯುತ್ತದೆ ನಿಜ, ಆದರೆ ಏಕೆ ನಿಂತಿತ್ತು ಎಂದು ಹೇಳುವ ಗುರುತು ಉಳಿಯುವುದಿಲ್ಲ.

ಫೋನಿನಿಂದ ಹೊರಗೆ ಹೋಗುವ ದಾರಿಯಲ್ಲಿ ನಾವು ಪರೀಕ್ಷಿಸಬಹುದಾದ ತುಂಡುಗಳು ನಾಲ್ಕು: ಫೋನ್ ಅಥವಾ ಲ್ಯಾಪ್‌ಟಾಪ್, ಅಲ್ಲಿಂದ ರೂಟರ್‌ವರೆಗಿನ ವೈ-ಫೈ ಇಲ್ಲವೇ ಕೇಬಲ್, ರೂಟರ್, ರೂಟರಿನಿಂದ ಕಂಬದವರೆಗಿನ ಫೈಬರ್. ಅದರಾಚೆಯದೆಲ್ಲ ಕಂಪನಿಯದು. ದೋಷ ಯಾವ ತುಂಡಿನಲ್ಲಿದೆ ಎಂದು ಖಚಿತವಾಗುವವರೆಗೆ ಯಾವ ಸೆಟ್ಟಿಂಗನ್ನೂ ಮುಟ್ಟಬಾರದು, ಯಾವ ಸಾಮಾನನ್ನೂ ಕೊಳ್ಳಬಾರದು. ನನ್ನ ಮಟ್ಟಿಗೆ ಈ ಇಡೀ ಕೆಲಸದಲ್ಲಿ ಇದಕ್ಕಿಂತ ಮುಖ್ಯವಾದದ್ದು ಇನ್ನೊಂದಿಲ್ಲ. ಮೂರು ಬದಲಾವಣೆಗಳನ್ನು ಒಟ್ಟಿಗೆ ಮಾಡಿ ನೆಟ್ ಬಂದರೆ ಯಾವುದರಿಂದ ಬಂತೆಂದು ತಿಳಿಯುವುದಿಲ್ಲ. ಬರದಿದ್ದರೆ ಮೊದಲಿನ ಸ್ಥಿತಿಗೆ ಮರಳುವ ದಾರಿಯೂ ತಪ್ಪಿಹೋಗಿರುತ್ತದೆ.

ಮೊದಲ ಐದು ನಿಮಿಷ

ಮನೆಯಲ್ಲಿ ಇನ್ನೊಂದು ಫೋನಿದ್ದರೆ ಅದರಲ್ಲಿ ನೋಡಿ. ಆಗ ಮೊಬೈಲ್ ಡೇಟಾ ಆರಿಸಿರುವುದು ಕಡ್ಡಾಯ. ವೈ-ಫೈ ಮೂಲಕ ನೆಟ್ ಬರುತ್ತಿಲ್ಲವೆಂದು ಗೊತ್ತಾದರೆ ಎಷ್ಟೋ ಫೋನುಗಳು ಸದ್ದಿಲ್ಲದೆ ಸಿಮ್ಮಿನ ಡೇಟಾಕ್ಕೆ ಜಿಗಿಯುತ್ತವೆ. "ನನ್ನ ಫೋನಿನಲ್ಲಿ ಬರುತ್ತಿದೆಯಲ್ಲ" ಎಂದು ಮಗ ಹೇಳುತ್ತಾನೆ, ತಂದೆ ತಮ್ಮ ಲ್ಯಾಪ್‌ಟಾಪೇ ಕೆಟ್ಟಿದೆ ಎಂದುಕೊಂಡು ಅಂಗಡಿಗೆ ಹೊರಡುತ್ತಾರೆ. ಎರಡೂ ಸಾಧನಗಳಲ್ಲಿ ಬರದಿದ್ದರೆ ದೋಷ ರೂಟರಿನಲ್ಲಿ ಅಥವಾ ಅದರಾಚೆ ಇದೆ. ಒಂದರಲ್ಲಿ ಮಾತ್ರ ಬರದಿದ್ದರೆ ಆ ಸಾಧನವನ್ನೇ ಹಿಡಿದು ಕೂರಬೇಕು.

ಲ್ಯಾಪ್‌ಟಾಪ್ ಇದ್ದರೆ ಪಿಂಗ್ ಎಂಬ ಆದೇಶದಿಂದ ಉಳಿದದ್ದನ್ನೂ ಬಿಡಿಸಬಹುದು. ಕೊಟ್ಟ ವಿಳಾಸಕ್ಕೆ ಒಂದು ಕರೆ ಕಳಿಸಿ ಉತ್ತರ ಬರುತ್ತದೆಯೇ ಎಂದು ಅದು ನೋಡುತ್ತದೆ. ವಿಂಡೋಸ್‌ನ ಕಮಾಂಡ್ ಪ್ರಾಂಪ್ಟ್ ತೆರೆದು ಪಿಂಗ್ ಎಂದು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದು, ಒಂದು ಜಾಗ ಬಿಟ್ಟು ರೂಟರಿನ ವಿಳಾಸ ಕೊಡಿ. ಬಹುಪಾಲು ರೂಟರುಗಳಲ್ಲಿ ಅದು 192.168.1.1 ಇಲ್ಲವೇ 192.168.0.1, ರೂಟರಿನ ತಳದ ಚೀಟಿಯಲ್ಲಿ ಅಚ್ಚಾಗಿರುತ್ತದೆ. ಅಲ್ಲಿಂದ ಉತ್ತರ ಬಂದರೆ ಮನೆಯೊಳಗಿನ ದಾರಿ ಸರಿಯಾಗಿದೆ. ಮುಂದಿನದು 8.8.8.8. ಇದು ಗೂಗಲ್‌ನ ಸಾರ್ವಜನಿಕ ಡಿಎನ್ಎಸ್ ಸರ್ವರಿನ ವಿಳಾಸ. ಜಾಲತಾಣದ ಹೆಸರಿಗೆ ತಕ್ಕ ಅಂಕಿಯ ವಿಳಾಸವನ್ನು ಹುಡುಕಿಕೊಡುವ ವ್ಯವಸ್ಥೆಯೇ ಡಿಎನ್ಎಸ್. ಅದಕ್ಕೂ ಉತ್ತರ ಬಂದರೆ ಫೈಬರ್ ಮತ್ತು ಕಂಪನಿಯ ಸಂಪರ್ಕ ಎರಡೂ ಜೀವಂತವಾಗಿವೆ. ಕೊನೆಗೆ ಯಾವುದಾದರೂ ಜಾಲತಾಣದ ಹೆಸರನ್ನೇ ಕೊಟ್ಟು ಪಿಂಗ್ ಮಾಡಿ. ಅಂಕಿಗೆ ಉತ್ತರ ಬಂದು ಹೆಸರಿಗೆ ಬರದಿದ್ದರೆ ಕೆಟ್ಟಿರುವುದು ಡಿಎನ್ಎಸ್ ಮಾತ್ರ. ರೂಟರಿನಲ್ಲೋ ಲ್ಯಾಪ್‌ಟಾಪಿನಲ್ಲೋ ಡಿಎನ್ಎಸ್ ವಿಳಾಸವಾಗಿ 1.1.1.1 ಅಥವಾ 8.8.8.8 ಹಾಕಿದರೆ ಮುಗಿಯಿತು. ಲ್ಯಾಪ್‌ಟಾಪ್ ಇಲ್ಲದವರು ಫೋನಿನ ಬ್ರೌಸರಿನಲ್ಲಿ ಈ ಅಂಕಿಗಳನ್ನೇ ತೆರೆದು ನೋಡಬಹುದು: ರೂಟರಿನ ವಿಳಾಸಕ್ಕೆ ಅದರ ಲಾಗಿನ್ ಪುಟ ಬರಬೇಕು, 1.1.1.1ಕ್ಕೂ ಒಂದು ಪುಟ ಬರಬೇಕು.

ರೂಟರಿಗೇ ಪಿಂಗ್ ತಲುಪದಿದ್ದರೆ ಲ್ಯಾಪ್‌ಟಾಪಿಗೆ ಯಾವ ಐಪಿ ವಿಳಾಸ, ಎಂದರೆ ಜಾಲದಲ್ಲಿ ಅದನ್ನು ಗುರುತಿಸುವ ಅಂಕಿ, ಸಿಕ್ಕಿದೆ ಎಂದು ನೋಡಿ. ಅದು 169.254ರಿಂದ ಶುರುವಾಗಿದ್ದರೆ ರೂಟರ್ ವಿಳಾಸ ಕೊಡಲಿಲ್ಲ, ಕಂಪ್ಯೂಟರ್ ತನಗೆ ತಾನೇ ಒಂದನ್ನು ಇಟ್ಟುಕೊಂಡಿದೆ ಎಂದರ್ಥ. ವೈ-ಫೈ ಗುರುತು ತುಂಬಿ ತೋರಿಸುತ್ತಿದ್ದರೂ ಆ ವಿಳಾಸದಿಂದ ಎಲ್ಲಿಗೂ ಹೋಗಲಾಗದು. ಆ ವೈ-ಫೈ ಹೆಸರನ್ನು ಮರೆತುಬಿಡು ಎಂದು ಆದೇಶ ಕೊಟ್ಟು ಮತ್ತೆ ಸೇರಿಸಿದರೆ ಸಾಮಾನ್ಯವಾಗಿ ಸರಿಹೋಗುತ್ತದೆ.

ಕೆಂಪು ದೀಪ ಮಿನುಗುತ್ತಿದ್ದರೆ

ಫೈಬರ್ ಬಂದು ಸೇರುವ ಪೆಟ್ಟಿಗೆಯ (ಹಲವು ಮನೆಗಳಲ್ಲಿ ಅದು ರೂಟರೇ) ಮೇಲೆ ಪಿಒಎನ್ ಮತ್ತು ಎಲ್ಒಎಸ್ ಎಂಬ ಎರಡು ದೀಪಗಳಿರುತ್ತವೆ. ಪಿಒಎನ್ ಹಸಿರಾಗಿ ನಿಂತು ಉರಿಯಬೇಕು, ಎಲ್ಒಎಸ್ ಆರಿರಬೇಕು. ಎಲ್ಒಎಸ್ ಕೆಂಪಾಗಿ ಮಿನುಗಿದರೆ ಬೆಳಕು ಬರುತ್ತಿಲ್ಲ. ಆಗ ವೈ-ಫೈ ಪಾಸ್‌ವರ್ಡ್ ಬದಲಿಸಿ ಪ್ರಯೋಜನವಿಲ್ಲ, ಫೋನ್ ಆರಿಸಿ ಹಾಕಿಯೂ ಪ್ರಯೋಜನವಿಲ್ಲ. ತೊಂದರೆ ಇರುವುದು ಆ ಪೆಟ್ಟಿಗೆಗೂ ಕಂಬಕ್ಕೂ ನಡುವೆ ಅಥವಾ ಕಂಬದಿಂದಾಚೆ.

ನಮ್ಮ ಕೈಯಲ್ಲಿರುವುದು ಮನೆಯೊಳಗಿನ ಕೆಲವು ಅಡಿ ಫೈಬರ್. ಅದನ್ನು ಕಣ್ಣಿನಿಂದ ಹಿಂಬಾಲಿಸುತ್ತಾ ಹೋಗಿ. ಕಿಟಕಿಯ ಕಬ್ಬಿಣದ ಚೌಕಟ್ಟಿನಲ್ಲಿ ಸಿಕ್ಕಿ ಚಪ್ಪಟೆಯಾಗಿರಬಹುದು, ಬಾಗಿಲ ಸಂದಿಯಲ್ಲಿ ದಿನವೂ ಅರೆಯುತ್ತಿರಬಹುದು, ಮೂಲೆಯಲ್ಲಿ ನೇರವಾಗಿ ಮಡಚಿ ಮೊಳೆ ಹೊಡೆದಿರಬಹುದು. ಸುಣ್ಣಬಣ್ಣ ಹೊಡೆಯುವವರು ಬಂದು ಹೋದ ಮರುದಿನ ಕೆಂಪು ದೀಪ ಕಂಡರೆ ಬೇರೆಡೆ ಹುಡುಕುವುದೇ ಬೇಡ, ಅವರು ಸರಿಸಿದ ಜಾಗದಲ್ಲೇ ನೋಡಿ. ಫೈಬರ್ ಎಂದರೆ ಗಾಜಿನ ಎಳೆ. ತಾಮ್ರದ ತಂತಿಯಂತೆ ಮಡಚಿದರೆ ಮುರಿಯುತ್ತದೆ. ಮುರಿಯದಿದ್ದರೂ ಬಾಗಿದ ಕಡೆ ಬೆಳಕು ಹೊರಗೆ ಸೋರುತ್ತದೆ. ಉಳಿದ ತಂತಿಯನ್ನು ಅಂಗೈ ಅಗಲಕ್ಕಿಂತ ಚಿಕ್ಕ ಸುರುಳಿಯಾಗಿ ಸುತ್ತಿಡಬಾರದು.

ಪೆಟ್ಟಿಗೆಗೆ ಚುಚ್ಚಿರುವ ಹಸಿರು ಬಣ್ಣದ ತುದಿಯನ್ನು ಒಮ್ಮೆ ಹೊರಗೆಳೆದು ಟಕ್ಕೆಂದು ಸದ್ದಾಗುವಂತೆ ಕೂರಿಸಬಹುದು. ಆದರೆ ತುದಿಯ ಬಿಳಿ ಭಾಗಕ್ಕೆ ಬೆರಳು ತಾಗಿಸಬೇಡಿ. ಬೆಳಕು ಹಾದುಹೋಗುವ ಎಳೆ ಕೂದಲಿಗಿಂತ ತೆಳ್ಳಗಿದೆ, ಬೆರಳಿನ ಜಿಡ್ಡು ಅದನ್ನು ಮುಚ್ಚಲು ಸಾಕು. ಬಾಯಿಂದ ಊದುವುದೂ ಬೇಡ. ಎಲ್ಲಕ್ಕಿಂತ ಮುಖ್ಯವಾಗಿ, ಆ ತುದಿಯೊಳಕ್ಕೆ ಕಣ್ಣಿಟ್ಟು ಬೆಳಕು ಬರುತ್ತಿದೆಯೇ ಎಂದು ಯಾರೂ ನೋಡಬಾರದು. ಮನೆಯ ಕಡೆಗೆ ಬರುವ ಬೆಳಕು 1490 ನ್ಯಾನೊಮೀಟರ್ ತರಂಗಾಂತರದ್ದು, ಹೋಗುವುದು 1310ರದ್ದು. ಎರಡೂ ಕಣ್ಣಿಗೆ ಕಾಣುವ ಬೆಳಕಲ್ಲ. ಕಾಣದ್ದರಿಂದ ರೆಪ್ಪೆ ಮುಚ್ಚುವುದಿಲ್ಲ, ಅಪಾಯ ಇರುವುದೇ ಅಲ್ಲಿ. ಮಕ್ಕಳಿಗೆ ಇದನ್ನು ಹೇಳಿಕೊಡಿ.

ಕೆಂಪು ದೀಪ ಪೂರ್ತಿ ಹತ್ತದೆ ಆಗಾಗ ಮಾತ್ರ ಮಿನುಗಿ ಸರಿಹೋಗುತ್ತಿದ್ದರೆ ಬೆಳಕಿನ ಬಲವನ್ನು ಅಂಕಿಯಲ್ಲಿ ನೋಡಬಹುದು. ರೂಟರಿನ ಪುಟಕ್ಕೆ ಲಾಗಿನ್ ಆಗಿ ಸ್ಟೇಟಸ್ ವಿಭಾಗದಲ್ಲಿ ಆರ್ಎಕ್ಸ್ ಪವರ್ ಎಂಬ ಸಾಲು ಹುಡುಕಿ. ಅದು ಡಿಬಿಎಂ ಎಂಬ ಮಾನದಲ್ಲಿ, ಋಣ ಚಿಹ್ನೆಯೊಂದಿಗೆ ಇರುತ್ತದೆ. ಮನೆಗಳಲ್ಲಿ ಹೆಚ್ಚಾಗಿ ಬಳಸುವ ದರ್ಜೆಯ ಪೆಟ್ಟಿಗೆಗಳು -8ರಿಂದ -27ರವರೆಗೆ ಕೆಲಸ ಮಾಡುವಂತೆ ತಯಾರಾಗಿರುತ್ತವೆ. -20 ಆಸುಪಾಸಿದ್ದರೆ ನೆಮ್ಮದಿಯಾಗಿರಿ. -26, -27 ಎಂದು ತೋರಿಸಿದರೆ ಸಂಪರ್ಕ ಅಂಚಿನಲ್ಲಿ ನಿಂತಿದೆ. ಬಿಸಿಲಿಗೆ ತಂತಿ ಹಿಗ್ಗಿದರೂ, ಗಾಳಿಗೆ ಅಲುಗಾಡಿದರೂ ಕಡಿದುಹೋಗುತ್ತದೆ. ಈ ಅಂಕಿಗಳನ್ನು ಓದುವಾಗ ಒಂದು ವಿಷಯ ನೆನಪಿರಲಿ. 3 ಡಿಬಿ ಇಳಿದರೆ ಬೆಳಕು ಅರ್ಧವಾಯಿತು, 10 ಡಿಬಿ ಇಳಿದರೆ ಹತ್ತರಲ್ಲೊಂದು ಪಾಲಾಯಿತು. -20 ಇದ್ದದ್ದು -26 ಆಗಿದ್ದರೆ ಕಾಲು ಭಾಗ ಬೆಳಕು ಮಾತ್ರ ಉಳಿದಿದೆ. ಕಾಗದದ ಮೇಲೆ ಚಿಕ್ಕದಾಗಿ ಕಾಣುವ ಆರು ಅಂಕಿಗಳ ವ್ಯತ್ಯಾಸ ನಿಜದಲ್ಲಿ ಅಷ್ಟು ದೊಡ್ಡದು.

ಹೊರಗಿನ ಕಾರಣಗಳು ನಮ್ಮ ಕಡೆ ಹಲವು. ನಂದಿ ಬೆಟ್ಟದ ಸುತ್ತಿನ ಊರುಗಳಲ್ಲಿ ಕೋತಿಗಳು ತಂತಿ ಹಿಡಿದು ಜೋತಾಡುತ್ತವೆ. ಅಳಿಲುಗಳು ಹೊರಕವಚವನ್ನು ಕಡಿಯುತ್ತವೆ. ಹುಲ್ಲು ತುಂಬಿದ ಟ್ರ್ಯಾಕ್ಟರ್ ಬೀದಿಯಲ್ಲಿ ಹಾದುಹೋದರೆ ಜೋತುಬಿದ್ದ ತಂತಿಗಳೆಲ್ಲ ಅದರೊಂದಿಗೆ ಹೊರಡುತ್ತವೆ. ಕಂಬ ಹತ್ತಿ ನೋಡುವ ಕೆಲಸ ಮಾತ್ರ ನಮ್ಮದಲ್ಲ. ಆ ಕಂಬದಲ್ಲೇ ಬೆಸ್ಕಾಂನ ವಿದ್ಯುತ್ ತಂತಿಯೂ ಇರುತ್ತದೆ. ಕೆಳಗೆ ನಿಂತು ತಂತಿ ಎಲ್ಲಿ ತುಂಡಾಗಿದೆ ಎಂದು ಕಂಡರೆ ಚಿತ್ರ ತೆಗೆದು ಲೈನ್‌ಮನ್‌ಗೆ ಕಳಿಸಿ, ಅಷ್ಟು ಸಾಕು. ಅವರ ಬಳಿ ಕೆಂಪು ಬೆಳಕು ಹಾಯಿಸುವ ಪೆನ್ನಿನಂಥ ಉಪಕರಣವೊಂದಿರುತ್ತದೆ. ಅದನ್ನು ತಂತಿಯ ತುದಿಗೆ ಹಚ್ಚಿದರೆ ಎಳೆ ಮುರಿದ ಜಾಗದಲ್ಲಿ ಕವಚದ ಮೂಲಕವೇ ಕೆಂಪಾಗಿ ಹೊಳೆಯುತ್ತದೆ.

ಸಂಜೆ ಮಾತ್ರ ನಿಲ್ಲುವ ನೆಟ್

ಪೂರ್ತಿ ಸತ್ತ ಸಂಪರ್ಕವನ್ನು ಸರಿಪಡಿಸುವುದು ಸುಲಭ. ಬಂದು ಹೋಗುವ ಸಂಪರ್ಕವೇ ಜೀವ ತಿನ್ನುವುದು. ಲೈನ್‌ಮನ್ ಬಂದಾಗ ಸರಿಯಿರುತ್ತದೆ, ಅವರು ಗಾಡಿ ತಿರುಗಿಸಿದ ಮೇಲೆ ಹೋಗುತ್ತದೆ. ಇಂಥ ದೋಷಕ್ಕೆ ಮದ್ದು ಒಂದೇ, ಬರೆದಿಡುವುದು.

ನಮ್ಮ ಬೀದಿಯ ನಿವೃತ್ತ ಮೇಷ್ಟ್ರ ಮನೆಯಲ್ಲಿ ಹೀಗೆಯೇ ಆಗುತ್ತಿತ್ತು. ಅವರ ಮಗಳು ಬೆಂಗಳೂರಿನ ಕಂಪನಿಯೊಂದರ ಕೆಲಸವನ್ನು ಮನೆಯಿಂದಲೇ ಮಾಡುತ್ತಾಳೆ. ಸಂಜೆಯ ಸಭೆಯ ನಡುವೆ ಸಂಪರ್ಕ ಕಡಿಯುತ್ತಿತ್ತು. "ಸಂಜೆ ಎಲ್ಲರ ಮನೆಯಲ್ಲೂ ಟಿವಿ, ಫೋನು ಎಲ್ಲ ಒಟ್ಟಿಗೆ ನಡೆಯುತ್ತವಲ್ಲ, ಲೋಡು ಜಾಸ್ತಿಯಾಗಿ ಹೋಗುತ್ತದೆ" ಎಂದು ಮೇಷ್ಟ್ರು ಹೇಳುತ್ತಿದ್ದರು. ಕೇಳಲು ಸರಿಯೆನಿಸುವ ಮಾತು. ಆದರೆ ಬಳಕೆದಾರರು ಹೆಚ್ಚಾದರೆ ನೆಟ್ ನಿಧಾನವಾಗುತ್ತದೆ, ವಿಡಿಯೊ ತಡವರಿಸುತ್ತದೆ. ಎರಡು ನಿಮಿಷ ಪೂರ್ತಿ ಇಲ್ಲವಾಗಿ ಮತ್ತೆ ಮೊದಲಿನ ವೇಗದಲ್ಲಿ ಬರುವುದಿಲ್ಲ. ನಿಧಾನವಾಗುವುದು ಬೇರೆ, ಕಡಿಯುವುದು ಬೇರೆ. ದೂರು ಕೇಳುವಾಗ ನಾನು ಮೊದಲು ಬಿಡಿಸಿಕೊಳ್ಳುವುದು ಇದನ್ನೇ.

ರೂಟರಿನ ಪಕ್ಕದ ಗೋಡೆಗೆ ಒಂದು ಹಾಳೆ ಅಂಟಿಸಿ, ಪ್ರತಿ ಸಲ ನೆಟ್ ಹೋದಾಗ ಗಂಟೆ, ಯಾವ ದೀಪ ಹೇಗಿತ್ತು, ಎಷ್ಟು ಹೊತ್ತಿಗೆ ಬಂತು ಎಂದು ಬರೆಯಲು ಹೇಳಿದೆ. ಜೊತೆಗೆ ರೂಟರಿನ ಸ್ಟೇಟಸ್ ಪುಟದಲ್ಲಿ ಎರಡು ಅವಧಿಗಳನ್ನು ನೋಡುವುದನ್ನು ಅವರ ಮಗಳಿಗೆ ತೋರಿಸಿದೆ. ರೂಟರ್ ಎಷ್ಟು ಹೊತ್ತಿನಿಂದ ಚಾಲೂ ಇದೆ ಎನ್ನುವುದು ಒಂದು, ಇಂಟರ್ನೆಟ್ ಸಂಪರ್ಕ ಎಷ್ಟು ಹೊತ್ತಿನಿಂದ ಇದೆ ಎನ್ನುವುದು ಇನ್ನೊಂದು. ರೂಟರ್ ಹಲವು ದಿನಗಳಿಂದ ಚಾಲೂ ಇದ್ದು ಸಂಪರ್ಕ ಮಾತ್ರ ಹತ್ತು ನಿಮಿಷದ್ದಾದರೆ ದೋಷ ಹೊರಗಿದೆ. ಎರಡೂ ಹತ್ತೇ ನಿಮಿಷ ಎಂದು ತೋರಿಸಿದರೆ ರೂಟರೇ ಆರಿ ಹೊತ್ತಿದೆ. ಕಂಪನಿಯನ್ನು ಬೈಯುವ ಮುಂಚೆ ಈ ಎರಡು ಸಾಲು ನೋಡುವ ಅಭ್ಯಾಸ ಎಲ್ಲರಿಗೂ ಬರಬೇಕು.

ಮೇಷ್ಟ್ರ ಮನೆಯಲ್ಲಿ ಎರಡೂ ಒಂದೇ ಇದ್ದವು. ಹಾಳೆಯ ಮೇಲಿನ ಸಮಯಗಳನ್ನು ಓದುತ್ತಿದ್ದಾಗ ಅಮ್ಮನವರು ಅಡುಗೆಮನೆಯಿಂದ ಬಂದು ನೋಡಿ, "ಇದು ನಾನು ಮೋಟರ್ ಹಾಕುವ ಹೊತ್ತಲ್ಲವೇನಪ್ಪಾ?" ಎಂದರು. ನಗರಸಭೆ ನೀರು ಬಿಟ್ಟ ದಿನ ಸಂಪ್ ತುಂಬುತ್ತದೆ, ಅವತ್ತು ಮತ್ತು ಮರುದಿನ ಸಂಜೆ ಸಂಪಿನಿಂದ ಮೇಲಿನ ಟ್ಯಾಂಕಿಗೆ ನೀರು ಏರಿಸುತ್ತಾರೆ. ಮೋಟರ್ ಹಾಕದ ದಿನಗಳಲ್ಲಿ ಹಾಳೆಯ ಮೇಲೆ ಏನೂ ಬರೆದಿರಲಿಲ್ಲ.

ಅಲ್ಲೇ ಪರೀಕ್ಷೆ ಮಾಡಿದೆವು. ಅಮ್ಮನವರು ಮೋಟರಿನ ಸ್ವಿಚ್ ಒತ್ತಿದರು, ನಾವು ರೂಟರ್ ನೋಡುತ್ತಾ ನಿಂತೆವು. ಟ್ಯೂಬ್‌ಲೈಟ್ ಒಮ್ಮೆ ಮಂಕಾಯಿತು, ರೂಟರಿನ ದೀಪಗಳೆಲ್ಲ ಒಟ್ಟಿಗೆ ಆರಿದವು, ಮರುಕ್ಷಣ ಮೊದಲನೆಯ ದೀಪ ಹತ್ತಿತು, ಪಿಒಎನ್ ಬಹಳ ಹೊತ್ತು ಮಿನುಗಿ ನಿಂತಿತು.

ಮೋಟರ್ ತಿರುಗಲು ಶುರುವಾಗುವ ಕ್ಷಣದಲ್ಲಿ ಅದು ಎಳೆಯುವ ವಿದ್ಯುತ್ತು ಓಡುವಾಗಿನದಕ್ಕಿಂತ ಐದಾರು ಪಟ್ಟು. ಮನೆಯ ವೈರಿಂಗ್ ಹಳೆಯದಾದರೆ ಆ ಕ್ಷಣ ವೋಲ್ಟೇಜು ಕುಸಿಯುತ್ತದೆ. ಒಳ್ಳೆಯ ಅಡಾಪ್ಟರಿಗೆ ಇದರಿಂದ ಏನೂ ಆಗದು. ಅದು 100ರಿಂದ 240 ವೋಲ್ಟ್‌ವರೆಗೆ ನಡೆಯುತ್ತದೆ, ಒಳಗಿನ ಕೆಪಾಸಿಟರ್ ಆ ಕ್ಷಣದ ಕೊರತೆಯನ್ನು ತುಂಬಿಕೊಡುತ್ತದೆ. ಆದರೆ ವರ್ಷಗಟ್ಟಲೆ ಬಿಸಿಯಲ್ಲಿ ಇಪ್ಪತ್ನಾಲ್ಕು ಗಂಟೆ ದುಡಿದ ಅಡಾಪ್ಟರಿನ ಕೆಪಾಸಿಟರ್ ಒಣಗಿರುತ್ತದೆ, ತಲೆ ಉಬ್ಬಿರುತ್ತದೆ. ಮಲ್ಟಿಮೀಟರಿನಲ್ಲಿ ಅಳೆದರೆ 12 ವೋಲ್ಟ್ ಸರಿಯಾಗಿಯೇ ತೋರಿಸುತ್ತದೆ, ಏಕೆಂದರೆ ಅಳೆಯುವಾಗ ಅದರ ಮೇಲೆ ಹೊರೆ ಇರುವುದಿಲ್ಲ. ಎಷ್ಟೋ ಮಂದಿ ಮೋಸಹೋಗುವುದು ಇಲ್ಲೇ. ಅದೇ ವೋಲ್ಟೇಜಿನ ಇನ್ನೊಂದು ಅಡಾಪ್ಟರ್ ಹಾಕಿ ನೋಡುವುದೇ ನಂಬಬಹುದಾದ ಪರೀಕ್ಷೆ. ಹೊಸದನ್ನು ಕೊಳ್ಳುವಾಗ ವೋಲ್ಟ್ ಹಳೆಯದರಷ್ಟೇ ಇರಬೇಕು, ಆಂಪಿಯರ್ ಅಷ್ಟೇ ಅಥವಾ ಹೆಚ್ಚಿರಬೇಕು, ಪಿನ್ನಿನ ಒಳಗೆ ಧನ ಹೊರಗೆ ಋಣ ಎಂಬ ಗುರುತೂ ಹೊಂದಬೇಕು. ವೋಲ್ಟ್ ಹೆಚ್ಚಿರುವುದನ್ನು ಹಾಕಿದರೆ ರೂಟರ್ ಸುಟ್ಟುಹೋಗಬಹುದು.

ಮೇಷ್ಟ್ರ ಮನೆಯಲ್ಲಿ ಅಡಾಪ್ಟರ್ ಬದಲಾಯಿತು, ಸಂಜೆಯ ಸಭೆಗಳು ನಿಲ್ಲುವುದೂ ನಿಂತಿತು. ಮೋಟರ್ ಹಾಕಿದಾಗ ದೀಪ ಮಂಕಾಗುವುದು ವೈರಿಂಗಿನ ದೋಷ. ಅದನ್ನು ಎಲೆಕ್ಟ್ರಿಷಿಯನ್ ನೋಡಲೇಬೇಕು. ಸಡಿಲವಾದ ಜೋಡಣೆ ಬಿಸಿಯಾಗಿ ಬೆಂಕಿಗೂ ಕಾರಣವಾಗುತ್ತದೆ.

ಕರೆಂಟು ಹೋಗಿ ಇನ್ವರ್ಟರ್ ಹಿಡಿದುಕೊಳ್ಳುವ ಗಳಿಗೆಯಲ್ಲಿ ರೂಟರ್ ಆರಿ ಹೊತ್ತುವುದಿದ್ದರೆ ಅದಕ್ಕೂ ಮೊದಲು ಅಡಾಪ್ಟರನ್ನೇ ಅನುಮಾನಿಸಿ. ಇನ್ವರ್ಟರ್ ಇಲ್ಲದ ಮನೆಗೆ ರೂಟರಿಗೆಂದೇ ಸಿಗುವ ಪುಟ್ಟ 12 ವೋಲ್ಟ್ ಯುಪಿಎಸ್ ಒಳ್ಳೆಯ ಖರ್ಚು. ಏಪ್ರಿಲ್, ಮೇ ತಿಂಗಳ ಗುಡುಗು ಮಳೆಗೆ ಮಾತ್ರ ಯುಪಿಎಸ್ ರಕ್ಷಣೆಯಲ್ಲ. ಮೋಡ ಕಟ್ಟಿ ಸಿಡಿಲು ಶುರುವಾಗುವ ಮುಂಚೆಯೇ ಅಡಾಪ್ಟರನ್ನು ಗೋಡೆಯಿಂದ ಕೀಳಬೇಕು, ಮಹಡಿಗೋ ಪಕ್ಕದ ಮನೆಗೋ ಎಳೆದ ಲ್ಯಾನ್ ಕೇಬಲ್ (ಕಂಪ್ಯೂಟರನ್ನು ರೂಟರಿಗೆ ಸೇರಿಸುವ ತಂತಿ) ಇದ್ದರೆ ಅದನ್ನೂ ಕೀಳಬೇಕು. ಫೈಬರಿನ ಗಾಜು ವಿದ್ಯುತ್ತನ್ನು ಹರಿಸುವುದಿಲ್ಲ. ತಾಮ್ರದ ಕೇಬಲ್ ಹರಿಸುತ್ತದೆ.

ಕಲ್ಲಿನ ಮನೆ ಮತ್ತು ವೈ-ಫೈ

ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲೆಗಳ ಹಳೆಯ ಮನೆಗಳಿಗೆ ಸೈಜುಗಲ್ಲಿನ ಗೋಡೆ, ಮೇಲೆ ಕಲ್ಲು ಚಪ್ಪಡಿ. ಬೇಸಿಗೆಗೆ ತಂಪು, ನೂರು ವರ್ಷಕ್ಕೂ ಜಗ್ಗದು. ಆದರೆ ಒಂದೂವರೆ ಅಡಿ ದಪ್ಪದ ಕಲ್ಲನ್ನು ದಾಟಿ ಹೋಗುವುದು ವೈ-ಫೈ ತರಂಗಕ್ಕೆ ಬಹಳ ಕಷ್ಟ. ರೂಟರನ್ನು ಬೀದಿ ಬದಿಯ ಕೋಣೆಯ ಮೂಲೆಯಲ್ಲಿ, ತಂತಿ ಒಳಬಂದ ಕಿಟಕಿಯ ಪಕ್ಕದಲ್ಲೇ ನೇತುಹಾಕಿರುತ್ತಾರೆ. ಕೆಲಸಗಾರರಿಗೆ ಅದು ಹತ್ತಿರ, ಮನೆಯವರಿಗೆ ಅಲ್ಲ. ಅರ್ಧ ತರಂಗ ಬೀದಿಗೆ ಹೋಗುತ್ತದೆ, ಉಳಿದರ್ಧ ನಡುಮನೆಯ ಗೋಡೆಗೆ ಬಡಿದು ನಿಲ್ಲುತ್ತದೆ. ಹಿತ್ತಲ ಕೋಣೆಯವರು ನೆಟ್ ಸರಿಯಿಲ್ಲ ಎನ್ನುತ್ತಾರೆ, ಕಂಪನಿಯವರು ವೇಗ ಪೂರ್ತಿ ಇದೆ ಎನ್ನುತ್ತಾರೆ. ಇಬ್ಬರದೂ ನಿಜ.

ತಿಳಿಯುವ ಬಗೆ ಸರಳ. ರೂಟರಿನ ಎದುರು ನಿಂತು ವೇಗ ಅಳೆಯಿರಿ, ಬಾಗಿಲು ದಾಟಿ ಅಳೆಯಿರಿ, ಹಿತ್ತಲ ಕೋಣೆಯಲ್ಲಿ ಅಳೆಯಿರಿ. ಎದುರಲ್ಲಿ 90 ಎಂಬಿಪಿಎಸ್ ಇದ್ದದ್ದು ಒಳಗೆ 5ಕ್ಕೆ ಇಳಿದರೆ ಸಂಪರ್ಕ ಸರಿಯಿದೆ, ಗೋಡೆ ಅಡ್ಡವಿದೆ. ರೂಟರ್ ಕೊಡುವ ಎರಡು ಬ್ಯಾಂಡುಗಳಲ್ಲಿ 5 ಗಿಗಾಹರ್ಟ್ಸ್‌ನದು ವೇಗದ್ದು, ಗೋಡೆಗೆ ಬೇಗ ಸೋಲುತ್ತದೆ. 2.4 ನಿಧಾನದ್ದು, ಗೋಡೆಯನ್ನು ಸ್ವಲ್ಪ ಹೆಚ್ಚು ತಾಳುತ್ತದೆ. ಎರಡಕ್ಕೂ ಬೇರೆ ಬೇರೆ ಹೆಸರಿಟ್ಟು, ರೂಟರಿನ ಕೋಣೆಯಲ್ಲಿ 5, ಒಳಮನೆಯಲ್ಲಿ 2.4 ಬಳಸಿ ನೋಡಿ. ಕಬ್ಬಿಣದ ಬೀರು, ದೊಡ್ಡ ಕನ್ನಡಿ, ನೀರು ತುಂಬಿದ ಡ್ರಮ್ಮು ರೂಟರಿಗೆ ಅಡ್ಡ ಇರಬಾರದು. ಮೈಕ್ರೋವೇವ್ ಒಲೆ ನಡೆಯುವಾಗ ಮಾತ್ರ ನೆಟ್ ತಡವರಿಸಿದರೆ ಆಶ್ಚರ್ಯ ಬೇಡ, ಅದೂ 2.4ರ ಆಸುಪಾಸಿನಲ್ಲೇ ಕೆಲಸ ಮಾಡುತ್ತದೆ. ಒತ್ತೊತ್ತಾಗಿ ಮನೆಗಳಿರುವ ಬೀದಿಯಲ್ಲಿ 2.4ರ ಚಾನೆಲ್ಲನ್ನು 1, 6, 11 ಈ ಮೂರರಲ್ಲಿ ಒಂದಕ್ಕೆ ನಿಲ್ಲಿಸಬೇಕು. ಈ ಮೂರು ಮಾತ್ರ ಒಂದರ ಮೇಲೊಂದು ಬೀಳುವುದಿಲ್ಲ.

ಇಷ್ಟಕ್ಕೂ ಬಗ್ಗದ ಕಲ್ಲಿನ ಮನೆಗೆ ನಾನು ಹೇಳುವುದು ಒಂದೇ: ಬಾಗಿಲ ಚೌಕಟ್ಟಿನ ಮೇಲಿನಿಂದ ಒಳಮನೆಗೆ ಒಂದು ಲ್ಯಾನ್ ಕೇಬಲ್ ಎಳೆದು ಅಲ್ಲಿ ಎರಡನೆಯ ರೂಟರನ್ನು ಆ್ಯಕ್ಸೆಸ್ ಪಾಯಿಂಟ್ ಆಗಿ, ಎಂದರೆ ಕೇಬಲಿನಲ್ಲಿ ಬಂದ ನೆಟ್ಟನ್ನು ವೈ-ಫೈ ಆಗಿ ಹರಡುವ ಕೆಲಸಕ್ಕೆ ಮಾತ್ರ, ಇಡಿ. ಪ್ಲಗ್ಗಿಗೆ ಚುಚ್ಚುವ ರಿಪೀಟರ್ ಅಗ್ಗ ನಿಜ, ಆದರೆ ಅದಕ್ಕೆ ತಲುಪುವ ತರಂಗವೇ ಬಡಕಲಾಗಿದ್ದರೆ ಅದು ಮುಂದಕ್ಕೆ ಕೊಡುವುದೂ ಬಡಕಲನ್ನೇ.

ಶಿಡ್ಲಘಟ್ಟದ ಕಡೆ ಮನೆಗೆ ಹೊಂದಿಕೊಂಡೇ ರೇಷ್ಮೆ ರೀಲಿಂಗ್ ನಡೆಸುವವರು ರೂಟರನ್ನು ಗೂಡು ಬೇಯಿಸುವ ಜಾಗದಿಂದ ದೂರ ಇಡಬೇಕು. ಹಬೆಯ ತೇವಕ್ಕೆ ಲ್ಯಾನ್ ಪಿನ್ನುಗಳು ಹಸಿರುಗಟ್ಟುತ್ತವೆ.

ಎರಡನೆಯ ರೂಟರ್ ತರುವ ಗೊಂದಲ

ಹಳೆಯ ರೂಟರನ್ನು ಕೇಬಲ್ ಮೂಲಕ ಸೇರಿಸಿದ ಮೇಲೆ ಇಡೀ ಮನೆಯ ನೆಟ್ ಹುಚ್ಚುಹುಚ್ಚಾಗಿ ಆಡತೊಡಗಿದರೆ ಕಾರಣ ಹುಡುಕುವುದು ಕಷ್ಟವಲ್ಲ. ಎರಡೂ ರೂಟರುಗಳು ತಾವೇ 192.168.1.1 ಎನ್ನುತ್ತಿವೆ, ಎರಡೂ ಫೋನುಗಳಿಗೆ ಐಪಿ ವಿಳಾಸ ಹಂಚುತ್ತಿವೆ. ಒಂದು ಫೋನಿಗೆ ಸರಿಯಾದ ದಾರಿ ಸಿಗುತ್ತದೆ, ಇನ್ನೊಂದಕ್ಕೆ ಹೊರದಾರಿಯೇ ಇಲ್ಲದ ಪೆಟ್ಟಿಗೆಯ ವಿಳಾಸ ಸಿಗುತ್ತದೆ. ಅದೇ ಫೋನು ನಾಳೆ ಸರಿಯಾಗಿ, ಇವತ್ತು ಸರಿಯಾಗಿದ್ದದ್ದು ಕೆಡುತ್ತದೆ. ಎರಡನೆಯ ರೂಟರನ್ನು ಒಂಟಿಯಾಗಿ ಲ್ಯಾಪ್‌ಟಾಪಿಗೆ ಸೇರಿಸಿ, ಅದರ ವಿಳಾಸವನ್ನು 192.168.1.2 ಮಾಡಿ, ಐಪಿ ವಿಳಾಸ ಹಂಚುವ ಡಿಎಚ್‌ಸಿಪಿ ಎಂಬ ವ್ಯವಸ್ಥೆಯನ್ನು ಆರಿಸಿ, ಆಮೇಲೆ ಮೊದಲ ರೂಟರಿನ ಲ್ಯಾನ್ ರಂಧ್ರದಿಂದ ಇದರ ಲ್ಯಾನ್ ರಂಧ್ರಕ್ಕೇ ಕೇಬಲ್ ಹಾಕಿ, ಹೊರಗಿನ ಸಂಪರ್ಕಕ್ಕೆಂದು ವ್ಯಾನ್ ಎಂದು ಬರೆದಿರುವ ರಂಧ್ರಕ್ಕಲ್ಲ. ಒಂದೇ ಕೇಬಲಿನ ಎರಡೂ ತುದಿಗಳು ಒಂದೇ ರೂಟರಿಗೆ ಸೇರಿದ್ದರೂ ಮನೆಯ ಜಾಲವೆಲ್ಲ ಸ್ತಬ್ಧವಾಗುತ್ತದೆ. ಮೇಜಿನಡಿಯ ತಂತಿಗಳ ಗೋಜಲಿನಲ್ಲಿ ಇದು ಯಾರ ಗಮನಕ್ಕೂ ಬರುವುದಿಲ್ಲ.

ಕೇಬಲಿನ ವಿಚಾರ ಬಂದದ್ದರಿಂದ ಇನ್ನೊಂದು ಮಾತು. 200 ಎಂಬಿಪಿಎಸ್ ಯೋಜನೆಗೆ ದುಡ್ಡು ಕಟ್ಟಿಯೂ ಕೇಬಲ್ ಹಾಕಿದ ಕಂಪ್ಯೂಟರಿನಲ್ಲಿ ವೇಗ 94ಕ್ಕೆ ನಿಂತುಬಿಟ್ಟಿದ್ದರೆ ಕಂಪನಿಯ ತಪ್ಪಿಲ್ಲ. ಲ್ಯಾನ್ ಕೇಬಲಿನೊಳಗೆ ನಾಲ್ಕು ಜೋಡಿ ತಂತಿಗಳಿವೆ. 100ರ ವೇಗಕ್ಕೆ ಎರಡು ಜೋಡಿ ಸಾಕು, 1000ಕ್ಕೆ ನಾಲ್ಕೂ ಬೇಕು. ಒಂದು ತಂತಿ ಒಳಗೆ ತುಂಡಾಗಿದ್ದರೂ ಸಂಪರ್ಕ ತಾನಾಗಿ 100ಕ್ಕೆ ಇಳಿಯಬಹುದು. ಕೇಬಲ್ ಬದಲಿಸಿ. ಅದರಿಂದಲೂ ಆಗದಿದ್ದರೆ ಕಂಪ್ಯೂಟರಿನ ಅಥವಾ ರೂಟರಿನ ರಂಧ್ರವೇ 100ರದ್ದಿರಬಹುದು.

ಯಾವ ತಾಣ ತೆರೆದರೂ ಅದು ಸುರಕ್ಷಿತವಲ್ಲ ಎಂಬ ಎಚ್ಚರಿಕೆ ಬರುತ್ತಿದ್ದರೆ ಗಡಿಯಾರ ನೋಡಿ. ಹಳೆಯ ಕಂಪ್ಯೂಟರಿನ ಒಳಗಿನ ನಾಣ್ಯದಂಥ ಬ್ಯಾಟರಿ ಮುಗಿದಾಗ ದಿನಾಂಕ ಹಲವು ವರ್ಷ ಹಿಂದಕ್ಕೆ ಹೋಗುತ್ತದೆ, ತಾಣಗಳು ಅಸಲಿ ಎಂದು ತೋರಿಸುವ ಪ್ರಮಾಣಪತ್ರಗಳೆಲ್ಲ ಆ ಕಂಪ್ಯೂಟರಿಗೆ ಅಮಾನ್ಯವಾಗುತ್ತವೆ.

ನಿಧಾನ ಎಂಬ ದೂರು

ವಿಡಿಯೊ ಕರೆಯಲ್ಲಿ ನಿಮಗೆ ಎಲ್ಲರೂ ಸರಿಯಾಗಿ ಕಂಡು, ಅವರಿಗೆ ಮಾತ್ರ ನಿಮ್ಮ ಮುಖ ಚೌಕಚೌಕವಾಗಿ ಕಾಣುತ್ತಿದ್ದರೆ ಮನೆಯಿಂದ ಹೊರಗೆ ಹೋಗುವ ದಾರಿ ತುಂಬಿದೆ. ಬಹುತೇಕ ಸಲ ಯಾರದೋ ಫೋನು ಮದುವೆಯ ಚಿತ್ರ, ವಿಡಿಯೊಗಳನ್ನು ಕ್ಲೌಡಿಗೆ ಏರಿಸುತ್ತಿರುತ್ತದೆ, ಅಥವಾ ಗೇಟಿನ ಸಿಸಿಟಿವಿ ಇಡೀ ದಿನ ದೃಶ್ಯ ಕಳಿಸುತ್ತಿರುತ್ತದೆ. 8.8.8.8ಕ್ಕೆ ನಿಲ್ಲದೆ ಪಿಂಗ್ ಹೋಗುವಂತೆ ಮಾಡಿ, ಮನೆಯ ಫೋನುಗಳ ವೈ-ಫೈಯನ್ನು ಒಂದೊಂದಾಗಿ ಆರಿಸುತ್ತಾ ಬನ್ನಿ. ಯಾವುದನ್ನು ಆರಿಸಿದಾಗ ಉತ್ತರದ ಸಮಯ ನೂರಾರು ಮಿಲಿಸೆಕೆಂಡಿನಿಂದ ಹತ್ತಿಪ್ಪತ್ತಕ್ಕೆ ಇಳಿಯಿತೋ ಅದೇ ಕಾರಣ. ಆ ಫೋನಿನಲ್ಲಿ ಬ್ಯಾಕಪ್ಪನ್ನು ರಾತ್ರಿಗೆ ಹಾಕಿಸಿ.

ವೇಗದ ಲೆಕ್ಕದಲ್ಲಿ ಬಿಟ್ ಬೇರೆ, ಬೈಟ್ ಬೇರೆ ಎಂಬುದೂ ನೆನಪಿರಲಿ. ಎಂಟು ಬಿಟ್ ಸೇರಿ ಒಂದು ಬೈಟ್, ಎಂಬಿಪಿಎಸ್ ಎಂದರೆ ಸೆಕೆಂಡಿಗೆ ಇಷ್ಟು ಮೆಗಾಬಿಟ್. 40 ಎಂಬಿಪಿಎಸ್ ಯೋಜನೆಯಲ್ಲಿ ಕಡತ ಇಳಿಯುವ ವೇಗ ಸೆಕೆಂಡಿಗೆ 5 ಮೆಗಾಬೈಟ್ ಎಂದು ತೋರಿಸಿದರೆ ಅದು ಪೂರ್ತಿ ವೇಗವೇ.

ಕಂಪನಿಗೆ ದೂರು ಕೊಡುವಾಗ

ಇಷ್ಟು ನೋಡಿದ ಮೇಲೆ ದೋಷ ಹೊರಗಿದೆ ಎಂದು ಖಚಿತವಾದರೆ ಕರೆ ಮಾಡಿ. "ನೆಟ್ ಇಲ್ಲ" ಎನ್ನುವ ಬದಲು "ಎಲ್ಒಎಸ್ ಬೆಳಗ್ಗೆ ಏಳರಿಂದ ಕೆಂಪಾಗಿದೆ" ಎಂದೋ, "ಆರ್ಎಕ್ಸ್ ಪವರ್ -27 ಇದೆ, ರೂಟರ್ ಒಂದು ವಾರದಿಂದ ಆರಿಲ್ಲ, ಸಂಪರ್ಕ ಮಾತ್ರ ದಿನಕ್ಕೆ ಹಲವು ಸಲ ಕಡಿಯುತ್ತಿದೆ" ಎಂದೋ ಹೇಳಿ. ಆರಿಸಿ ಹಾಕಿ ನೋಡಿ ಎಂದು ಹೇಳಿ ಫೋನಿಡುವವರೂ ಇಂಥ ಮಾತಿಗೆ ಕಿವಿಗೊಡುತ್ತಾರೆ, ಬರುವ ಲೈನ್‌ಮನ್ ಸರಿಯಾದ ಉಪಕರಣ ಹಿಡಿದು ಬರುತ್ತಾನೆ. ಪರಿಚಯದ ಹುಡುಗನಿಗೆ ನೇರವಾಗಿ ಫೋನ್ ಮಾಡುವುದು ನಮ್ಮೂರುಗಳ ರೂಢಿ, ಅದರಲ್ಲಿ ತಪ್ಪೇನಿಲ್ಲ. ಆದರೆ ಕಂಪನಿಯ ದೂರು ಕೇಂದ್ರದಲ್ಲೂ ದಾಖಲಿಸಿ ಡಾಕೆಟ್ ಸಂಖ್ಯೆ, ಎಂದರೆ ದೂರಿನ ಸಂಖ್ಯೆ, ಬರೆದಿಟ್ಟುಕೊಳ್ಳಿ. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್‌ನ 2012ರ ನಿಯಮಾವಳಿಯಂತೆ ದೂರು ಕೇಂದ್ರದಲ್ಲಿ ಪರಿಹಾರ ಸಿಗದವರು ಅದೇ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಹೋಗಬಹುದು. ಅಲ್ಲಿ ಮೊದಲು ಕೇಳುವುದು ಆ ಸಂಖ್ಯೆಯನ್ನೇ.

ಲೈನ್‌ಮನ್ ಜಾಯಿಂಟ್ ಹಾಕಿ ಹೊರಡುವ ಮುಂಚೆ ಆರ್ಎಕ್ಸ್ ಪವರ್ ಮತ್ತೆ ನೋಡಿ. ನೆಟ್ ಬಂದಿತೆಂದು ಬಿಟ್ಟುಬಿಡಬೇಡಿ. ಅಂಕಿ -26ರಲ್ಲೇ ಇದ್ದರೆ ಜಾಯಿಂಟನ್ನು ಇನ್ನೊಮ್ಮೆ ಹಾಕಿಸಿ. ಅವನು ಎದುರಿಗಿರುವಾಗ ಹತ್ತು ನಿಮಿಷದ ಕೆಲಸ. -20ರ ಸುತ್ತಮುತ್ತ ಬಂದಿದ್ದರೆ ಆ ಅಂಕಿಯನ್ನೂ ದಿನಾಂಕವನ್ನೂ ಚೀಟಿಯಲ್ಲಿ ಬರೆದು ರೂಟರಿನ ತಳಕ್ಕೆ ಅಂಟಿಸಿ, ಮುಂದಿನ ಸಲ ಹೋಲಿಸಿ ನೋಡಲು ಬೇಕಾಗುತ್ತದೆ.